‘ಶಟ್ ಔಟ್’ ಮೀಮಾಂಸೆ: ಒಂದು ಕುಂದಾಪ್ರ ಅಧ್ಯಯನ

ಆಂಗ್ಲಭಾಷೆಯ ‘ಶಟ್ ಔಟ್’ ಎಂಬ ಸಕರ್ಮಕ-ಸೋಪಪದ-ವಿಭಾಜ್ಯ-ಕ್ರಿಯಾಗುಚ್ಛದ ಅರ್ಥಕ್ಷೇತ್ರವನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಭಾಷಿಕ ಪರಿಸರದಲ್ಲಿ ಅವಲೋಕಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. (ಇಂಥದೇ ವಾಕ್ಯಗಳನ್ನು ಒಂದು ವಿಚಾರ ಸಂಕಿರಣದಲ್ಲಿ ಮುಕ್ಕಾಲು ಗಂಟೆ ಕೇಳಿದ್ದೇನೆ. ಊಟದ ಕೂಪನ್ ಕೊನೆಗೆ ಕೊಡುತ್ತಾರೆಂದು ಕೂತಿದ್ದೆ.)

ಕುಂದಾಪ್ರ ಕನ್ನಡದಲ್ಲಿ ಇದು ‘ಹೊರ್ಗ್ ಹಾಕ್’. ವ್ಯಾಕರಣಪ್ರಿಯರು ಗಮನಿಸಬೇಕು: ‘ಹೊರಗೆ’ಯ ಎರಡು ಸ್ವರ, ‘ಹಾಕು’ವಿನ ಒಂದು ಸ್ವರ ಆಗಲೇ ಹೊರಗೆ ಬಿದ್ದಿವೆ. ಊರಿನ ಹೆಸರಲ್ಲೇ ‘ಪು’ವಿನ ಉಕಾರಕ್ಕೆ ಪ್ರವೇಶವಿಲ್ಲ. ಇದನ್ನು ‘ಸ್ವರಬಹಿಷ್ಕರಣ ನ್ಯಾಯ’ ಎಂದು ಕರೆದಿದ್ದೇನೆ, ಪಿಎಚ್.ಡಿ. ಬೇಕಾದವರು ಎತ್ತಿಕೊಳ್ಳಬಹುದು.

ಹೀಗೆ ಹೊರಗೆ ಹಾಕುವುದರ ಪ್ರಭೇದಗಳು ಏಳು. ಮೊದಲನೆಯದು ಋತುನಿಯತ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಕಡಲು ಬಂದ್. ಗಂಗೊಳ್ಳಿ ಬಂದರಿನಲ್ಲಿ ಅವು ಮೈಗೆ ಮೈ ತಾಗಿಸಿ ನಿಲ್ಲುತ್ತವೆ. ಮೀನು ಮೊಟ್ಟೆಯಿಡುವ ಕಾಲ. ಕಾರಣವೂ ಗೊತ್ತು, ತೆರೆಯುವ ದಿನವೂ ಗೊತ್ತು. ಎರಡನೆಯದು ಶುಲ್ಕನಿಯತ: ಸಾಸ್ತಾನದಲ್ಲೂ ಶಿರೂರಿನಲ್ಲೂ ಹೆದ್ದಾರಿ 66ರ ಟೋಲ್‌ಗೇಟು ಫಾಸ್ಟ್ಯಾಗ್ ಕಂಡರೆ ಕೈಯೆತ್ತುತ್ತದೆ. ಮೂರನೆಯದು... ಉಳಿದ ಐದನ್ನೂ ಬಿಡಿ. ಈ ಪದಕ್ಕೆ ನಮ್ಮೂರಲ್ಲಿ ಒಂದು ಉದಾಹರಣೆ ಸಾಕು.

2022ರ ಫೆಬ್ರವರಿ 3. ಹಿಜಾಬ್ ತೊಟ್ಟು ಬಂದ ವಿದ್ಯಾರ್ಥಿನಿಯರ ಎದುರು ಕುಂದಾಪುರದ ಸರ್ಕಾರಿ ಪದವಿಪೂರ್ವ ಕಾಲೇಜಿನ ಗೇಟು ಮುಚ್ಚಿತು. ‘ಮುಚ್ಚಿತು’ ಎನ್ನುವುದು ಸುದ್ದಿಯ ಭಾಷೆ, ‘ಮುಚ್ಚಲ್ಪಟ್ಟಿತು’ ಕಡತದ ಭಾಷೆ, ಎರಡರಲ್ಲೂ ಕರ್ತೃವಿಲ್ಲ. ಕಬ್ಬಿಣದ ಗೇಟಿಗೆ ಕೈಯಿಲ್ಲ ಸ್ವಾಮಿ, ಯಾರಾದರೂ ಎಳೆಯಬೇಕು! ಪರೀಕ್ಷೆಗೆ ಎರಡೇ ತಿಂಗಳಿದೆ, ಒಳಗೆ ಬಿಡಿ ಎಂದು ಆ ಮಕ್ಕಳು ಬೇಡಿದ್ದನ್ನು ದೇಶವೇ ನೋಡಿತು. ಆ ಸಂಕಿರಣದಲ್ಲಿ ‘ಔಟ್’ ಉಪಪದವೋ ಕ್ರಿಯಾವಿಶೇಷಣವೋ ಎಂದು ಕೊರೆದ ವಿದ್ವಾಂಸರು, ಅದೊಂದು ಜಾಗ, ಅಲ್ಲಿ ಬಿಸಿಲಿದೆ, ಪುಸ್ತಕದ ಚೀಲ ಹೊತ್ತವರು ನಿಂತಿದ್ದಾರೆ ಎಂದು ಹೇಳಲೇ ಇಲ್ಲ. ನಾನೂ ಎದ್ದು ಕೇಳಲಿಲ್ಲ. ಕೂಪನ್ ಆಗಷ್ಟೇ ಕೈಗೆ ಬಂದಿತ್ತು.

ಹಿಜಾಬಿಗೆ ತಡೆಯೊಡ್ಡಿದ, ಸಮವಸ್ತ್ರದ ಕುರಿತ ಸರ್ಕಾರಿ ಆದೇಶವನ್ನು ಮಾರ್ಚ್ 15ರಂದು ಹೈಕೋರ್ಟ್ ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಅಷ್ಟರಲ್ಲಿ ಆ ವರ್ಷದ ಪರೀಕ್ಷೆ ಮುಗಿದು ಹೋಗಿತ್ತು.