ಸಜ್ಜಾ ಮೇಲಿನ ಶಿಕಾರಿ

ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳನ್ನು ಧಾರಾವಾಹಿ ಮಾಡುವವರಿಗೆ ಸಂಚಿಕೆಗಳಿಗೆ ಹೆಸರು ಹುಡುಕುವ ಕಷ್ಟವೂ ಇಲ್ಲ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’, ‘ರಾಜ್ಯದಾಹ’ ಅಂತ ಕಪಾಟಿನೆದುರು ನಿಂತು ಓದುತ್ತಾ ಹೋದರೆ ಸಾಕು, ಪ್ರೋಮೊ ತಾನೇ ಕೇಳಿಸುತ್ತದೆ. ದಳವಾಯಿ ಮುದ್ದಣ್ಣನಂಥ ಸಂಚುಗಾರನೊಬ್ಬ ಸಿಕ್ಕರೆ ಸೀರಿಯಲ್‌ನವರ ಮನೆಯಲ್ಲಿ ವರ್ಷಗಟ್ಟಲೆ ಒಲೆ ಆರುವುದಿಲ್ಲ. ಕುದುರೆ ಕಮ್ಮಿ ಬಿದ್ದರೂ ಚಿಂತೆಯಿಲ್ಲ. ಬಾಗಿಲ ಮರೆಯಲ್ಲಿ ನಿಂತು ಕದ್ದು ಕೇಳುವ ಕಲೆಯಲ್ಲಿ ನಮ್ಮ ಕಿರುತೆರೆ ಚೆನ್ನಾಗಿಯೇ ಪಳಗಿದೆ.

ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ಯಂತೂ ಹನ್ನೆರಡು ಸಂಪುಟ, ಪ್ರಸಾರದ ವೇಳಾಪಟ್ಟಿಯನ್ನೂ ಅವರೇ ಗೊತ್ತುಮಾಡಿಟ್ಟಿದ್ದಾರೆ. ದಿಗಿಲಾಗುವುದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನೆನೆದಾಗ. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಪುಣ್ಯಾತ್ಮರು ಅವನನ್ನು ಕೊಲೆಗಾರರ ಬೆನ್ನಿಗೆ ಬಿಟ್ಟಿದ್ದರು. ಈಗಿನವರು ಮೂರನೇ ವಾರಕ್ಕೆ ಅವನಿಗೆ ಮದುವೆ ಮಾಡಿ, ಮನೆಯಳಿಯ ಮಾಡಿಸಿ, ಅತ್ತೆಯ ಕಳೆದುಹೋದ ಬಳೆ ಹುಡುಕಿಸುತ್ತಾರೆ.

ಅದೆಲ್ಲ ಇರಲಿ. ನನ್ನ ಜೀವವಿರುವುದು ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್‌ಸನ್ನನ ‘ಕಾಡಿನ ಕಥೆಗಳು’ ನಾಲ್ಕು ಭಾಗಗಳಲ್ಲಿ. ಇವು ಟೀವಿಗೆ ಒಗ್ಗುವುದಿಲ್ಲ ಅನ್ನುವುದು ನನ್ನ ವಾದ. ಅಣ್ಣನ ಮಗ ಒಪ್ಪಲಿಲ್ಲ. “ಹುಲೀನ ಕಂಪ್ಯೂಟರ್‌ನಲ್ಲೇ ಮಾಡ್ತಾರೆ ಚಿಕ್ಕಪ್ಪ” ಅಂದ.

“ಹುಲಿ ಬರೋದಲ್ಲ ಕಣೋ ಕಥೆ. ಬರದೇ ಇರೋದು!”

ಅವನಿಗೆ ಅರ್ಥವಾಗಲಿಲ್ಲ. ಮಾಡಿಯೇ ತೋರಿಸೋಣವೆಂದು ಏಣಿ ಹಾಕಿ ಅಡುಗೆಮನೆಯ ಸಜ್ಜಾ ಹತ್ತಿದೆ. ಅದೇ ಮಚಾನು. ಎಡಕ್ಕೆ ತಾಮ್ರದ ಹಂಡೆ, ಬಲಕ್ಕೆ ದಸರಾ ಗೊಂಬೆಗಳ ಪೆಟ್ಟಿಗೆ, ನಡುವೆ ಮಡಚಿಕೊಂಡ ನಾನು. ಛತ್ರಿಗೆ ಟಾರ್ಚು ಕಟ್ಟಿದ್ದು ಕೋವಿ. ಕೆಳಗೆ ತಟ್ಟೆಯಲ್ಲಿ ಎರಡು ಕೋಡುಬಳೆ, ಕಟ್ಟಿಹಾಕಿದ ಮೇಕೆಯ ಬದಲಿಗೆ. ಹುಡುಗ ಮೂಲೆಯಲ್ಲಿ ಮೊಬೈಲು ಹಿಡಿದು ನಿಂತ. ಮಚಾನಿನ ಮೇಲೆ ಕೆಮ್ಮಬಾರದು, ಸೊಳ್ಳೆ ಹೊಡೆಯಬಾರದು, ಮಾತಂತೂ ಕೂಡದು.

ಇಷ್ಟರಲ್ಲಿ ನನ್ನವಳು ಬಂದು ಸಾರಿಗೆ ಒಗ್ಗರಣೆ ಹಾಕಿದಳು. ಒಣಮೆಣಸಿನಕಾಯಿ ಘಾಟು ನೇರ ಮೇಲಕ್ಕೆ ಬಂತು. ಆಂಡರ್‌ಸನ್ ಎಷ್ಟೋ ಕಷ್ಟ ಬರೆದಿದ್ದಾನೆ, ಇದನ್ನು ಬರೆದಿಲ್ಲ. “ಹೇಗೂ ಹತ್ತಿದೀರಲ್ಲ, ಆ ಕೊಳದಪ್ಪಲೆ ಕೊಡಿ” ಅಂದಳು. ನಾನು ತುಟಿಯ ಮೇಲೆ ಬೆರಳಿಟ್ಟೆ. “ಬಾಯಿಗೇನಾಯ್ತು?” ಕಣ್ಣಲ್ಲೇ ಕಾಡು, ಕತ್ತಲೆ, ನರಭಕ್ಷಕ ಎಲ್ಲವನ್ನೂ ಸೂಚಿಸಿದೆ. ಅವಳು ತಲೆ ಚಚ್ಚಿಕೊಂಡು, ಬಲ್ಬು ಬದಲಿಸಲು ಏಣಿ ಕೇಳಿಕೊಂಡು ಬಂದ ಮಹಡಿ ಮನೆಯವರಿಗೆ ಅದನ್ನು ಕೊಟ್ಟುಬಿಟ್ಟಳು. ಕೂಗಿ ತಡೆಯಬಹುದಿತ್ತು. ಆದರೆ ನಿಯಮ!

“ಚಿಕ್ಕಪ್ಪ, ಏನೂ ಆಗ್ತಾನೇ ಇಲ್ವಲ್ಲ.”

ಅದೇ ಸೀನು ಕಣೋ ಅನ್ನಬೇಕು, ಅನ್ನುವ ಹಾಗಿಲ್ಲ. ಕಾಲು ಜೋಮು ಹಿಡಿಯಿತು. ಗೊಂಬೆ ಪೆಟ್ಟಿಗೆಯಿಂದ ಏನೋ ಒಂದು ಹರಿದು ಬಂದು ನನ್ನ ಕತ್ತನ್ನು ಪರೀಕ್ಷಿಸಿ ಹೋಯಿತು. ಆಗ ಕಿಟಕಿಯ ಸರಳಿನ ನಡುವೆ ಒಂದು ಮುಂಗಾಲು ಕಾಣಿಸಿತು. ನಿಂತಿತು. ಇನ್ನೊಂದು ಬಂತು. ಪಕ್ಕದ ಮನೆ ಬೆಕ್ಕು! ಕೋಡುಬಳೆ ಮೂಸಿತು, ತಲೆಯೆತ್ತಿ ನನ್ನನ್ನೇ ನೋಡಿತು. ಆಣೆಗೂ ನನ್ನ ಮೈಯೆಲ್ಲ ಮುಳ್ಳೆದ್ದಿತು. ಛತ್ರಿ ಗುರಿಯಿಟ್ಟು ಟಾರ್ಚಿನ ಗುಂಡಿ ಒತ್ತಿದೆ. ಹುಡುಗ ಅಷ್ಟು ಹೊತ್ತಿಗೆ ಯಾರದೋ ಮೆಸೇಜಿಗೆ ಉತ್ತರ ಬರೆಯುತ್ತಿದ್ದ.

ಸೀರಿಯಲ್‌ನವರಿಗಾದರೂ ಇಷ್ಟು ಕಾಯಲು ಪುರಸೊತ್ತೆಲ್ಲಿದೆ? ಒಂದು ಎಲೆ ಅಲ್ಲಾಡಿದರೆ ಶಿಕಾರಿಯ ಮುಖಕ್ಕೆ ಮೂರು ಸಲ ಜೂಮು, ಮೇಕೆಯ ಮುಖಕ್ಕೆ ಮೂರು ಸಲ, ಪ್ರತಿ ಸಲಕ್ಕೂ ಸಿಡಿಲು. ಆಮೇಲೆ ಸೋಪಿನ ಜಾಹೀರಾತು. ಆಗುಂಬೆಯಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದಾಗ ಪಾತ್ರಗಳು ಸುಮ್ಮನೆ ಕೂತರೂ ನಾವು ಎದ್ದುಹೋಗಲಿಲ್ಲ. ಕಾಯುವುದು ಆಗ ನೋಡುವವರಿಗೂ ಬರುತ್ತಿತ್ತು ಅಂತ ಕಾಣುತ್ತದೆ.

ಅಲ್ಲದೆ, ಶೂಟಿಂಗ್ ಎಲ್ಲಿ ಮಾಡುತ್ತಾರೆ? ಮೂರನೇ ಭಾಗದ ಹೆಸರು ‘ಜಾಲಹಳ್ಳಿಯ ಕುರ್ಕ’. ಜಾಲಹಳ್ಳಿ ಈಗ ಮೆಟ್ರೊ ಸ್ಟೇಷನ್ನು. ಹುಲಿಯ ಜೊತೆಗೆ ಕಾಡನ್ನೂ ಕಂಪ್ಯೂಟರ್‌ನಲ್ಲೇ ಬೆಳೆಸಬೇಕು. ಹಾಗಂತ ಚಿರತೆ ಟೀವಿಗೆ ಬಂದಿಲ್ಲವೇ? ಬಂದಿದೆ. 2023ರಲ್ಲಿ ಬೆಂಗಳೂರಿನ ಕೂಡ್ಲು ಗೇಟ್ ಹತ್ತಿರ ಅಪಾರ್ಟ್‌ಮೆಂಟಿನ ಸಿಸಿಟಿವಿಯಲ್ಲಿ ಕಾಣಿಸಿಕೊಂಡಿತು. ಸುತ್ತ ಕೆಂಪು ವೃತ್ತ ಎಳೆದು, ಅದೇ ನಾಲ್ಕು ಹೆಜ್ಜೆಯನ್ನು ದಿನವಿಡೀ ನಡೆಸಿದರು. ನವೆಂಬರ್ 1, ರಾಜ್ಯೋತ್ಸವದ ದಿನ, ಹಿಡಿಯುವ ಗಡಿಬಿಡಿಯಲ್ಲಿ ಗುಂಡು ತಗುಲಿ ಸತ್ತಿತು. ಅದು ಊರವರಲ್ಲಿ ಯಾರನ್ನೂ ತಿಂದಿರಲಿಲ್ಲ. ನರಭಕ್ಷಕ ಹೌದೋ ಅಲ್ಲವೋ ತಿಳಿಯಲು ಹೆಜ್ಜೆ ಗುರುತು ನೋಡಿ, ಊರೂರು ತಿರುಗಿ, ರಾತ್ರಿಗಟ್ಟಲೆ ನಿದ್ದೆಗೆಡುವ ಅಧ್ಯಾಯಗಳನ್ನೇ ನಾವು ಸ್ಕ್ರಿಪ್ಟಿನಿಂದ ಕಿತ್ತುಹಾಕಿದ್ದೇವೆ.

ಏಣಿ ವಾಪಸು ಬಂತು, ಕೊಳದಪ್ಪಲೆಯ ಸಮೇತ ಇಳಿದೆ. ಹುಡುಗ ನನ್ನ ತಪಸ್ಸನ್ನೆಲ್ಲ ಅರ್ಧ ನಿಮಿಷಕ್ಕೆ ಕತ್ತರಿಸಿ, ತಮಟೆ ಬಡಿಸಿ, ಬೆಕ್ಕಿಗೆ ಹುಲಿಯ ಗರ್ಜನೆ ಅಂಟಿಸಿ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದಾನೆ. ಅತ್ತಿಗೆ ಆಗಲೇ ಎರಡು ಸಲ ಫೋನು ಮಾಡಿ, ಮುಂದಿನ ಸಂಚಿಕೆ ಯಾವಾಗ ಅಂತ ಕೇಳಿದರು.