ವಾನಪ್ರಸ್ಥಾಂಕ ಮೀಮಾಂಸೆ

ಬಸವನಗುಡಿಯ ಪಾರ್ಕಿನ ಕಲ್ಲುಬೆಂಚುಗಳ ಮೇಲೆ ಬೆಳಗಿನ ಆರೂವರೆಗೆ ಸೇರುವ ವಿದ್ವತ್ಸಭೆಗೆ ಯಾವ ವಿಶ್ವವಿದ್ಯಾಲಯವೂ ಇನ್ನೂ ಮಾನ್ಯತೆ ಕೊಟ್ಟಿಲ್ಲ. ಅಲ್ಲಿ ಗೋತ್ರ ಕೇಳುವ ಪದ್ಧತಿ ಯಾವತ್ತೋ ನಿಂತಿದೆ. ‘ನಿಮ್ದು ಎಷ್ಟು ಸಾರ್?’ ಎಂದರೆ ಸಾಕು, ಎದುರಿನವರು ಫಾಸ್ಟಿಂಗು, ಪಿಪಿ, ಬಿಪಿಗಳ ಪ್ರವರವನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಈ ಸಂಪ್ರದಾಯಕ್ಕೆ ಭಾಷ್ಯವಿಲ್ಲದ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಬಿಪಿ. ಇದರ ಮೂಲಪುರುಷ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ. ಹೆಣ್ಣುಕುದುರೆಯೊಂದನ್ನು ಕಟ್ಟಿ ಮಲಗಿಸಿ, ಅದರ ಧಮನಿಗೆ ಒಂಬತ್ತು ಅಡಿಯ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿ ಮೂರು ಅಂಗುಲ ಏರಿತೆಂದು ಆತ 1733ರಲ್ಲಿ ಅಚ್ಚು ಹಾಕಿಸಿದ. ಕುದುರೆಗೆ ರಿಪೋರ್ಟ್ ಕೊಟ್ಟ ದಾಖಲೆ ಸಿಕ್ಕಿಲ್ಲ. 1896ರಲ್ಲಿ ಇಟಲಿಯ ರೀವಾ-ರೊಚ್ಚಿ ತೋಳಿಗೆ ಪಟ್ಟಿ ಸುತ್ತಿದ. 1905ರಲ್ಲಿ ರಷ್ಯಾದ ಕೊರೊಟ್ಕೊವ್ ಅದರ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಸದ್ದು ಕೇಳಿದ. ಅಲ್ಲಿಂದಾಚೆಗೆ ಮತಭೇದ ಶುರು. 140/90 ಮುಟ್ಟಿದರೆ ಕಾಯಿಲೆ ಎಂಬುದು ಪ್ರಾಚೀನರ ಮತ. 2017ರಲ್ಲಿ ಅಮೆರಿಕದ ಹೃದ್ರೋಗ ಸಂಘಗಳು ಗೆರೆಯನ್ನು 130/80ಕ್ಕೆ ಇಳಿಸಿದ್ದರಿಂದ, ರಾತ್ರಿ ಆರೋಗ್ಯವಂತರಾಗಿ ಮಲಗಿದ ಲಕ್ಷಾಂತರ ಜನ ಬೆಳಿಗ್ಗೆ ರೋಗಿಗಳಾಗಿ ಎದ್ದರು.

ಅಳೆಯುವ ವಿಧಿಯೂ ಕಠಿಣವೇ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಬೀಡಿ ವರ್ಜ್ಯ. ಮೂತ್ರ ಕಟ್ಟಿಕೊಂಡಿರಬಾರದು. ಬೆನ್ನಿಗೆ ಒರಗು, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಐದು ನಿಮಿಷ ಸುಮ್ಮನೆ ಕೂತ ಮೇಲೆ ಪಟ್ಟಿ. ಪಟ್ಟಿ ಬಿಗಿಯುವಾಗಲೂ ಮೌನ. ಮಾತಾಡಿದರೆ ಅಂಕಿ ಏರುತ್ತದೆ. ಆದ್ದರಿಂದ ಪಾರ್ಕಿನಲ್ಲಿ ಉಲ್ಲೇಖಗೊಳ್ಳುವ ಬಿಪಿಗಳಲ್ಲಿ ರಕ್ತದ ಪಾಲೆಷ್ಟು, ವಿಧಾನಸೌಧದ ಪಾಲೆಷ್ಟು ಎಂಬುದು ಸಂಶೋಧನೆಗೆ ಯೋಗ್ಯ ವಿಷಯ.

ಇನ್ನು ಸಕ್ಕರೆ. ಲ್ಯಾಬಿಗೆ ಹೋಗುವ ಎರಡು ದಿನ ಮುಂಚೆ ಹೋಳಿಗೆ ತೊರೆಯುವ ವ್ರತವೊಂದು ಆಚರಣೆಯಲ್ಲಿದೆ. ಫಾಸ್ಟಿಂಗ್ ಅಂಕಿಯ ಮುಂದೆ ಇದು ಅಷ್ಟಿಷ್ಟು ಫಲ ಕೊಡಬಹುದು. ‘ಮೂರು ತಿಂಗಳ ಶುಗರ್’ ಎನ್ನುವ ಎಚ್‌ಬಿಎ1ಸಿ ಮುಂದೆ ನಡೆಯುವುದಿಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಷ್ಟೂ ದಿನ ಅದು ರಕ್ತದ ಸಕ್ಕರೆಯನ್ನು ಮೈಗಂಟಿಸಿಕೊಳ್ಳುತ್ತ ತಿರುಗುತ್ತದೆ, ಯುಗಾದಿಯ ಹೋಳಿಗೆಯನ್ನು ಜ್ಯೇಷ್ಠಮಾಸದಲ್ಲಿ ಓದಿ ಹೇಳುವ ಚಿತ್ರಗುಪ್ತನಂತೆ. 5.7ರ ಕೆಳಗಿದ್ದರೆ ಕ್ಷೇಮ, 6.5 ಮುಟ್ಟಿದರೆ ಮಧುಮೇಹ. ರಕ್ತಹೀನತೆ ಇದ್ದರೆ ಈ ಲೆಕ್ಕವೂ ತಪ್ಪುತ್ತದೆ. ಇನ್ನೊಂದು ವಿಷಯ ಸಭೆಯಲ್ಲಿ ಯಾರಿಗೂ ರುಚಿಸಲಿಲ್ಲ: ಮಧುಮೇಹಿಗಳಿಗೆ ವಯಸ್ಸಾಗಿ ಮೈ ಸೊರಗಿದ ಮೇಲೆ ವೈದ್ಯರೇ ಗುರಿಯನ್ನು 8ರವರೆಗೂ ಸಡಿಲಿಸುತ್ತಾರೆ. ಸಕ್ಕರೆ ಅತಿಯಾಗಿ ಇಳಿದು ತಲೆಸುತ್ತಿ ಬಿದ್ದರೆ ಸೊಂಟದ ಮೂಳೆಗೇ ಸಂಚಕಾರ. ಕಡಿಮೆ ಅಂಕಿಯವರೇ ಗೆದ್ದರೆಂಬ ಪಂದ್ಯದ ನಿಯಮ ಇಲ್ಲಿಗೆ ಕೆಡುತ್ತದೆ.

ಬಿಎಂಐ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದನ್ನು ಕಟ್ಟಿದ ಬೆಲ್ಜಿಯಮ್ಮಿನ ಕೆಟ್ಲೆ ನಕ್ಷತ್ರ ನೋಡುವವನು, ವೈದ್ಯನಲ್ಲ. ಭಾರತೀಯರಿಗೆ 23ಕ್ಕೇ ಎಚ್ಚರಿಕೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಪಂಚೆ ಉಡುವವರಿಗೆ ಇದು ಗೊತ್ತಾಗುವುದೇ ಇಲ್ಲ.

ಈಗ ಉತ್ತರಪಕ್ಷ. ಲ್ಯಾಬ್ ಬೇಡದ, ಕಾಸು ಕೇಳದ ಅಂಕಿಗಳನ್ನು ಈ ಸಭೆ ಒಮ್ಮೆಯೂ ಚರ್ಚಿಸಿಲ್ಲ. ಮುಪ್ಪಿನಲ್ಲಿ ಸ್ನಾಯು ಸೊರಗುವುದನ್ನು ಗುರುತಿಸಲು ಏಷ್ಯಾದ ತಜ್ಞರು 2019ರಲ್ಲಿ ಕೊಟ್ಟ ಮಾನದಂಡದಲ್ಲಿ ಆರು ಮೀಟರ್ ನಡೆಯಲು ಆರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎಚ್ಚರಿಕೆ. ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಮುಟ್ಟಿದರೂ ಎಚ್ಚರಿಕೆ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಇಳಿದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.

ಪ್ರಬಂಧವನ್ನು ಮಂಡಿಸಿದಾಗ ನಿವೃತ್ತ ಎಂಜಿನಿಯರೊಬ್ಬರು ಎದ್ದು, ಅಂದರೆ ಎರಡೂ ಕೈ ಊರಿ ಎದ್ದು, ಆಕ್ಷೇಪಿಸಿದರು: ಪರೀಕ್ಷೆಗೆ 43 ಸೆಂ.ಮೀ. ಎತ್ತರದ ಕುರ್ಚಿ ಬೇಕು, ಈ ಬೆಂಚು ತಗ್ಗು, ಹಾಗಾಗಿ ಫಲಿತಾಂಶ ಅಸಿಂಧು. ಬೆಂಚಿನ ಎತ್ತರ ಅಳೆಯಲು ಮೂವರ ಉಪಸಮಿತಿ ರಚನೆಯಾಯಿತು. ಟೇಪು ತರುವ ಹೊಣೆ ಯಾರದೆಂಬ ಚರ್ಚೆಯನ್ನು ಸೋಮವಾರಕ್ಕೆ ಮುಂದೂಡಿ, ಸಭೆ ಎದುರಿನ ಹೋಟೆಲಿಗೆ ಕಾಫಿಗೆ ಹೊರಟಿತು.