ಲೈ, ಲೇ, ಲೇನ್

ರಾಯರೇ, ನಿಮ್ಮ ಮೊಮ್ಮಗಳು ಬೆಳಗ್ಗೆಯಿಂದ ಇಂಗ್ಲಿಷಿನ ‘ಲೈ, ಲೇ, ಲೇನ್’ ಅಂತ ಬಾಯಿಪಾಠ ಹೊಡೀತಿದ್ದಾಳಲ್ಲ, ಆ ‘ಲೇ’ ಕಿವಿಗೆ ಬಿದ್ದಾಗಲೆಲ್ಲ ನನ್ನನ್ನೇ ಯಾರೋ ಗದರಿದರು ಅಂತ ತಿರುಗಿ ನೋಡ್ತಿದ್ದೀನಿ!

ಪಾಪ, ಮಗು ತಡವರಿಸೋದರಲ್ಲಿ ಏನೂ ತಪ್ಪಿಲ್ಲ ಬಿಡಿ. ಮಲಗೋದಕ್ಕೆ ಲೈ, ಮಲಗಿಸೋದಕ್ಕೆ ಲೇ. ಇಷ್ಟೇ ಆಗಿದ್ದರೆ ಯಾರೂ ಎಡವುತ್ತಿರಲಿಲ್ಲ. ಆದರೆ ನಿನ್ನೆ ಮಲಗಿದ್ದಕ್ಕೂ ‘ಲೇ’ ಅಂತಲೇ ಹೇಳಬೇಕಂತೆ. ನಿನ್ನೆ ಮಲಗಿಸಿದ್ದಕ್ಕೆ ‘ಲೇಯ್ಡ್’. ಸುಳ್ಳು ಹೇಳೋ ‘ಲೈ’ ಬೇರೆಯೇ, ಅದು ನಿನ್ನೆಗೆ ಹೋದರೆ ‘ಲೈಡ್’. ಹುಟ್ಟಾ ಇಂಗ್ಲಿಷಿನವರೇ ಇಲ್ಲಿ ಮುಗ್ಗರಿಸ್ತಾರೆ. ಬಾಬ್ ಡಿಲನ್ 1969ರಲ್ಲಿ ‘ಲೇ ಲೇಡಿ ಲೇ’ ಅಂತ ಹಾಡಿದ. ವ್ಯಾಕರಣದ ಮೇಷ್ಟ್ರ ಲೆಕ್ಕದಲ್ಲಿ ಅದು ‘ಲೈ’ ಆಗಬೇಕಿತ್ತು. 2016ರಲ್ಲಿ ಅವನಿಗೆ ಸಾಹಿತ್ಯದ ನೊಬೆಲ್ಲೇ ಬಂತು, ಈ ಮಗು ಬರೆದರೆ ಮಾರ್ಕು ಕಟ್!

ನಮಗೆ ಈ ತಾಪತ್ರಯ ಇಲ್ಲ ನೋಡಿ. ಹಿಂದೊಂದು ‘ಇಸು’ ಅಂಟಿಸಿದರೆ ಮುಗೀತು. ಮಲಗು, ಮಲಗಿಸು, ಬೀಳು, ಬೀಳಿಸು. ಇಂಗ್ಲಿಷಿನ ಪೂರ್ವಜರ ಮಾತಿಗೂ ಇಂಥದೇ ಒಂದು ಬಾಲ ಇತ್ತು. ಅದು ಸವೆದುಹೋಗಿ ಒಳಗಿನ ಸ್ವರದ ವ್ಯತ್ಯಾಸವಷ್ಟೇ ಉಳೀತು. ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ಫಾಲ್ ಅಂದರೆ ಬೀಳು. ಮರ ಕಡಿದು ಬೀಳಿಸೋದಕ್ಕೆ ಇವತ್ತಿಗೂ ಫೆಲ್. ನನಗೆ ಬಹಳ ಇಷ್ಟವಾದದ್ದು ಡ್ರಿಂಕ್ ಮತ್ತು ಡ್ರೆಂಚ್ ಜೋಡಿ. ಮಳೆಯಲ್ಲಿ ತೊಪ್ಪೆಯಾದರೆ ಡ್ರೆಂಚ್ ಅಂತೀವಲ್ಲ, ಅದರ ಮೂಲ ಅರ್ಥ ‘ಕುಡಿಸು’. ದನಕ್ಕೆ ಬಾಯಿ ಬಿಡಿಸಿ ಗೊಟ್ಟದಲ್ಲಿ ಔಷಧ ಹಾಕ್ತಾರಲ್ಲ, ಪಶುವೈದ್ಯರು ಅದನ್ನು ಈಗಲೂ ಡ್ರೆಂಚ್ ಅಂತಲೇ ಕರೀತಾರೆ.

ಬಾರೋ, ಲೆಂಡ್ ವಿಷಯಕ್ಕೆ ಬಂದರೆ ಮಾತ್ರ ಇಂಗ್ಲಿಷನ್ನು ಬೈಯೋ ಹಾಗಿಲ್ಲ. ನಮ್ಮಲ್ಲಿ ಕೊಟ್ಟರೂ ಸಾಲ, ತಂದರೂ ಸಾಲ. ಅದಕ್ಕೇ ಹುಡುಗರು ಪೆನ್ನು ಕೊಡೋವನ ಕೈಯಲ್ಲೂ ‘ಬಾರೋ’ ಮಾಡಿಸ್ತಾರೆ. ನಿಮ್ಮ ಮೊಮ್ಮಗಳಿಗೆ ಹೀಗೆ ಹೇಳಿಕೊಡಿ: ಪಕ್ಕದ ಮನೆಯ ವಸ್ತುವನ್ನು ‘ಬಾರೋ ನಮ್ಮನೆಗೆ’ ಅಂತ ಕರೆದರೆ ಅದು ಬಾರೋ. ಕೊಟ್ಟು ಕಾಯೋದು ಲೆಂಡ್.

ಅಂದ ಹಾಗೆ ರಾಯರೇ, ನಮ್ಮ ಏಣಿ?